ಬಲೆಗೆ ಮುಖ ಮಾಡಿದ ಮೀನು

ಇಲ್ಲಿ ಇನ್ನು ಮೀನಿಲ್ಲ ಎಂದು ಅವಳು ಹೇಳಿ ಆಗಿತ್ತು. ಅವಳು ಹೇಳಿದ ಮೇಲೆ ಪಂಪು ಶುರುವಾಗಿತ್ತು. ಇನ್ನು ಯಾರ ಮಾತನ್ನೂ ಕೇಳುವುದಿಲ್ಲ ಎನ್ನುವ ಹಾಗೆ ಅದು ಬೆಳಗಿನಿಂದ ಒಂದೇ ಸಮನೆ ಬಡಬಡಿಸುತ್ತಿತ್ತು. ದಂಡೆಯ ಮೇಲೆ, ಹೊಸ ಸೇತುವೆಗೆಂದು ತಂದು ಒಟ್ಟಿದ್ದ ಕಬ್ಬಿಣದ ಸರಳುಗಳ ಪಕ್ಕದಲ್ಲಿ, ಒದ್ದೆ ರಬ್ಬರ್ ಉಡುಪನ್ನು ಸೊಂಟದವರೆಗೆ ಇಳಿಸಿಕೊಂಡು ಅವಳು ಕೂತಿದ್ದಳು. ಕೆಳಗೆ ತೊರೆಯ ಅರ್ಧವನ್ನು ಮರಳುಚೀಲಗಳ ಒಡ್ಡು ಬಳಸಿ ನಿಂತಿತ್ತು. ಒಡ್ಡಿನ ಒಳಗೆ ನೀರು ಇಳಿದ ಹಾಗೆಲ್ಲ ಮೊದಲು ಕಲ್ಲುಗಳ ತಲೆ ಕಾಣಿಸಿ, ಆಮೇಲೆ ಭುಜ ಕಾಣಿಸಿ, ಈಗ ಇಡೀ ತಳವೇ ಬಿಸಿಲಿಗೆ ಬಿದ್ದುಕೊಂಡಿತ್ತು. ನೋಡಬಾರದ್ದನ್ನು ನೋಡಿದ ಹಾಗಾಗಿ ಅವಳು ಕಣ್ಣು ತಿರುಗಿಸಿದಳು. ತಿರುಗಿಸಿ ಎಲ್ಲಿ ಇಡಬೇಕೋ ತಿಳಿಯದೆ ತನ್ನ ಕೊರಳಿನಲ್ಲಿ ನೇತಾಡುತ್ತಿದ್ದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಸೀಟಿಯ ಮೇಲೆ ಇಟ್ಟಳು.

ಆ ಸೀಟಿ ಅವಳ ಅಧಿಕಾರ. ನೀರು ಕದಡಿದರೆ, ಎಣ್ಣೆ ಸೋರಿದರೆ, ಮೀನಿನ ಜಾಗಕ್ಕೆ ಪೆಟ್ಟಾಗುತ್ತದೆ ಅನ್ನಿಸಿದರೆ ಅವಳು ಅದನ್ನು ಊದಬೇಕು. ಊದಿದ ಕೂಡಲೇ ಪಂಪಿನಿಂದ ಹಿಡಿದು ಸುತ್ತಿಗೆಯವರೆಗೆ ಎಲ್ಲವೂ ನಿಲ್ಲಬೇಕು. ಅವಳೇ ಬಾಯಿಬಿಟ್ಟು 'ಸರಿ' ಎನ್ನುವವರೆಗೆ ಯಾರೂ ಏನನ್ನೂ ಮುಟ್ಟುವ ಹಾಗಿಲ್ಲ. ಸೇತುವೆಗೆ ಒಪ್ಪಿಗೆ ಸಿಕ್ಕಿದ್ದೇ ಈ ಷರತ್ತಿನ ಮೇಲೆ. ಅಷ್ಟು ದೊಡ್ಡ ಅಧಿಕಾರವನ್ನು ಕೊರಳಿಗೆ ಕಟ್ಟಿಕೊಂಡು ಅವಳು ಒಂದು ಚಳಿಗಾಲ ಪೂರ್ತಿ ಈ ದಂಡೆಯ ಮೇಲೆ ಕಳೆದಿದ್ದಳು, ಒಮ್ಮೆಯೂ ಊದಿರಲಿಲ್ಲ. ಅದರ ಸದ್ದು ಹೇಗಿರುತ್ತದೆ ಎನ್ನುವುದೇ ಗೊತ್ತಿರಲಿಲ್ಲ. ಮನೆಯಲ್ಲಿ ಒಂದು ಸಲ ಊದಿ ನೋಡೋಣವೆಂದರೆ ಅದು ಭಾವನ ಮನೆ.

ಭಾವ, ಅಂದರೆ ಅಕ್ಕನ ಗಂಡ, ಈ ಸೇತುವೆಯ ಎಂಜಿನಿಯರು. ಮೀನು ಕಾಯುವ ಈ ಕೆಲಸವನ್ನು ಕೊಡಿಸಿದವರೂ ಅವರೇ. ಅಪ್ಪ ತೀರಿಕೊಂಡ ಮೇಲೆ ಅವಳನ್ನೂ ಅಮ್ಮನನ್ನೂ ಕರೆದು ತಂದು ಮಹಡಿಯ ಮೇಲಿನ ಎರಡು ಕೋಣೆ ಬಿಟ್ಟುಕೊಟ್ಟವರೂ ಅವರೇ. ಒಂದು ದಿನವಾದರೂ ಅದನ್ನು ಎತ್ತಿ ಆಡಿದವರಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು, ತಿರುಗಿ ಒಂದು ಮಾತು ಅಂದು ಹಗುರಾಗಬಹುದಿತ್ತು. ಅಮ್ಮ ಆ ಕೋಣೆಗಳಲ್ಲಿ ತುದಿಗಾಲಿನಲ್ಲಿ ಓಡಾಡುತ್ತಾಳೆ. ಕುರ್ಚಿ ಎಳೆಯುವುದಿಲ್ಲ, ಎತ್ತಿ ಇಡುತ್ತಾಳೆ. ಕೆಮ್ಮು ಬಂದರೆ ದಿಂಬಿಗೆ ಕೆಮ್ಮುತ್ತಾಳೆ. ಕೆಳಗೆ ಯಾರೂ ಏನೂ ಅಂದಿಲ್ಲವಲ್ಲ ಅಮ್ಮ ಎಂದರೆ, 'ಅನ್ನಿಸಿಕೊಳ್ಳೋವರೆಗೂ ಯಾಕೆ ಇರಬೇಕು?' ಎನ್ನುತ್ತಾಳೆ. ಮಗಳಿಗೂ ಈಗ ಅದೇ ನಡಿಗೆ ಬಂದುಬಿಟ್ಟಿದೆ. ಕಲ್ಲುಗುಡ್ಡೆಯ ಮೇಲೂ, ಕೆಸರಿನಲ್ಲೂ, ಯಾರದೋ ತಲೆಯ ಮೇಲೆ ನಡೆಯುತ್ತಿರುವ ಹಾಗೆ ಹೆಜ್ಜೆ ಇಡುತ್ತಾಳೆ. ಬೆಳಗ್ಗೆ ಊಟದ ಡಬ್ಬಿ ಕೊಡುವಾಗ ಅಕ್ಕ ಅವಳ ಮುಖ ನೋಡದೆ ಮುಚ್ಚಳ ಒತ್ತುತ್ತ ಹೇಳಿದ್ದಳು: "ಇವತ್ತೊಂದು ದಿನ ಏನೂ ತಕರಾರು ತೆಗೀಬೇಡ ಕಣೆ. ಅವರು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತೋ." ತಾನು ಯಾವತ್ತು ತಕರಾರು ತೆಗೆದಿದ್ದೆ ಎಂದು ಕೇಳಬೇಕೆನ್ನಿಸಿತು. ಕೇಳಿದರೆ ಅದೇ ತಕರಾರಾಗುತ್ತಿತ್ತು. ಡಬ್ಬಿ ಇಸಿದುಕೊಂಡು ಬಂದಳು.

ಮೀನು ಅಂಥ ನೋಡುವಂಥದ್ದೇನೂ ಅಲ್ಲ. ಹೆಬ್ಬೆರಳಿನಷ್ಟುದ್ದ, ಮೈಗೆ ಹೊಂದದ ದಪ್ಪ ತಲೆ, ಸದಾ ಯಾರ ಮೇಲೋ ಮುನಿಸಿಕೊಂಡ ಬಾಯಿ. ಕಲ್ಲಿನ ಬಣ್ಣವೇ ಅದರ ಬಣ್ಣ, ಕಲ್ಲಿನ ಅಡಿಯೇ ಅದರ ಮನೆ. ಅದಕ್ಕೇ ಕಲ್ಲಡಿ ಮೀನು ಎಂದು ಹೆಸರು. ಈ ತೊರೆ ಬಿಟ್ಟರೆ ಇನ್ನೆಲ್ಲೋ ಒಂದೆರಡು ಕಡೆ ಉಳಿದಿದೆಯಂತೆ, ಅಷ್ಟೆ. ಹೆಣ್ಣು ಕಲ್ಲಿನ ಕೆಳಮೈಗೆ ಮೊಟ್ಟೆ ಅಂಟಿಸಿ ತನ್ನ ಪಾಡಿಗೆ ತಾನು ಹೋಗುತ್ತದೆ. ಗಂಡು ಅಲ್ಲೇ ಕೂತು, ಅನ್ನ ನೀರು ಬಿಟ್ಟವರ ಹಾಗೆ, ಮರಿಯಾಗುವವರೆಗೂ ರೆಕ್ಕೆ ಬೀಸಿ ಬೀಸಿ ಮೊಟ್ಟೆಗೆ ಹೊಸ ನೀರು ಆಡಿಸುತ್ತದೆ. ಕೆಲಸದವರಿಗೆ ಇದನ್ನೆಲ್ಲ ತಿಳಿಸಿ ಹೇಳಬೇಕೆಂದು ನಿಯಮವಿತ್ತು. ಅವಳು ನೆಲ ನೋಡಿಕೊಂಡು ಹೇಳಿ ಮುಗಿಸುವಷ್ಟರಲ್ಲಿ ಪಂಪಿನವನು, "ಹೆಂಗಸು ಊರು ಸುತ್ತೋದು, ಗಂಡಸು ಮನೇಲಿ ಕೂತು ಗಾಳಿ ಬೀಸೋದು! ಇದನ್ನ ನಮ್ಮ ಮನೆಯವಳ ಹತ್ರ ಮಾತ್ರ ಹೇಳ್ಬೇಡಿ ಮೀನಕ್ಕ" ಎಂದಿದ್ದ. ಅವತ್ತಿನಿಂದ ಅವಳು ಎಲ್ಲರಿಗೂ ಮೀನಕ್ಕ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವಳೂ ನಕ್ಕಿದ್ದಳು. ಆದರೆ ನಗುವಾಗ ಕಿವಿ ಬಿಸಿಯಾಗಿತ್ತು, ಕಾಲೇಜಿನಲ್ಲಿ ಮೇಷ್ಟರು ಗಾಜಿನ ತೊಟ್ಟಿಯ ಮುಂದೆ ಅವಳನ್ನು ನಿಲ್ಲಿಸಿ "ನೋಡ್ರಪ್ಪ, ಈ ಮೀನು ಮುಟ್ಟಿದ್ರೆ ಮುದುರಿಕೊಳ್ಳುತ್ತೆ, ಈ ಹುಡುಗಿ ಮಾತಾಡಿಸಿದ್ರೇ ಮುದುರಿಕೊಳ್ತಾಳೆ" ಎಂದಾಗ ಆಗಿದ್ದಂತೆ. ಇಡೀ ತರಗತಿ ನಕ್ಕಿತ್ತು. ತೊಟ್ಟಿಯ ಗಾಜಿನಲ್ಲಿ ಅವರೆಲ್ಲರ ಹಲ್ಲುಗಳೂ ಕಂಡಿದ್ದವು.

ಇವತ್ತು ಬೆಳಗ್ಗೆಯೂ ಅದೇ ನಗು. ಕಂಬ ಏಳಬೇಕಾದ ಜಾಗವನ್ನು ಬತ್ತಿಸುವ ಮುಂಚೆ ಅಲ್ಲಿನ ಮೀನನ್ನೆಲ್ಲ ಹಿಡಿದು, ಅವು ತಿರುಗಿ ಬಾರದ ಹಾಗೆ ತೊರೆಗೆ ಕಟ್ಟಿದ್ದ ಅಡ್ಡಬಲೆಯ ಆಚೆ, ಮೇಲಿನ ನೀರಿಗೆ ಬಿಡಬೇಕಿತ್ತು. ಮೀನು ಹಿಡಿದರೆ ಸಾಲದು, ಕಲ್ಲುಗಳನ್ನು ಒಂದೊಂದಾಗಿ ಮಗುಚಿ ಅಡಿಯಲ್ಲಿ ಮೊಟ್ಟೆ ಇದೆಯೇ ಎಂದೂ ನೋಡಬೇಕು. ಅವಳು ಗಾಜಿನ ತಳದ ಡಬ್ಬವನ್ನು ನೀರಿಗೆ ಒತ್ತಿ, ಮೊಣಕಾಲೂರಿ, ಮುಖವನ್ನು ಡಬ್ಬದೊಳಗೆ ತುರುಕಿಕೊಂಡು ಕಲ್ಲಿನಿಂದ ಕಲ್ಲಿಗೆ ತೆವಳುತ್ತಿದ್ದಳು. ರಬ್ಬರ್ ಉಡುಪು ಯಾರೋ ಗಂಡಸಿನ ಅಳತೆಯದು. ಹಿಂದೆ ಗಾಳಿ ತುಂಬಿಕೊಂಡು ಉಬ್ಬಿ ನಿಂತಿತ್ತು. ಮುಖ ನೀರಿನಲ್ಲಿ, ಹಿಂಭಾಗ ಮೇಲೆ. ದಂಡೆಯ ಮೇಲೆ ಕೆಲಸವಿಲ್ಲದೆ ಕಾಯುತ್ತಿದ್ದವರೆಲ್ಲ ಸಾಲಾಗಿ ನಿಂತಿದ್ದರು. ಡಬ್ಬದೊಳಗೆ ಅವಳಿಗೆ ಅವರು ಕಾಣುತ್ತಿರಲಿಲ್ಲ, ಆದರೆ ಬೆನ್ನಿಗೆ ಕಣ್ಣುಗಳಿದ್ದವು. ಯಾರೋ ಏನೋ ಅಂದರು. ನಗು ಎದ್ದಿತು. ಅದರೊಳಗೆ ಭಾವನ ನಗುವೂ ಇತ್ತು, ಸಣ್ಣದು, ತಡೆದು ತಡೆಯಲಾರದೆ ಬಂದದ್ದು. ಅಂಚಿನ ಕಲ್ಲುಗಳನ್ನೆಲ್ಲ ಅವಳು ಮಗುಚಿ ನೋಡಿಯಾಗಿತ್ತು, ಒಂದರ ಅಡಿಯಲ್ಲೂ ಏನೂ ಇರಲಿಲ್ಲ. ನಡುವಿನ ಸಾಲು ಬಾಕಿಯಿತ್ತು. ಮೊಟ್ಟೆಯ ಕಾಲ ಇನ್ನೂ ಬಂದಿಲ್ಲ, ನೀರು ಇನ್ನಷ್ಟು ಬೆಚ್ಚಗಾಗಬೇಕು ಎಂದು ಅವಳಿಗೆ ಅವಳೇ ಹೇಳಿಕೊಂಡಳು. ಈ ವರ್ಷ ಬಿಸಿಲು ಮುಂಚೆಯೇ ಬಂದಿದೆ ಎನ್ನುವುದೂ ಅವಳಿಗೆ ಗೊತ್ತಿತ್ತು. ಎದ್ದು ನಿಂತಳು. "ಆಯ್ತು. ಇಲ್ಲಿ ಇನ್ನು ಮೀನಿಲ್ಲ." ಮೀನಿಲ್ಲ ಎಂದದ್ದು ನಿಜವೇ, ಮೀನುಗಳನ್ನೆಲ್ಲ ಅವಳು ಹಿಡಿದು ಆಚೆ ಬಿಟ್ಟಿದ್ದಳು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎನ್ನುವುದನ್ನೇ ಅವಳು ಬೆಳಗಿನಿಂದ ಬಾಯಲ್ಲಿ ಹಾಕಿಕೊಂಡು ಚೀಪುತ್ತಿದ್ದಳು.

ಊಟದ ಹೊತ್ತಿಗೆ ಕೆಲಸದವರು ನೆರಳು ಹುಡುಕಿಕೊಂಡು ರಸ್ತೆಯ ಕಡೆ ಹೋದರು. ಭಾವ ತಮ್ಮ ಡಬ್ಬಿ ಹಿಡಿದು ಬಂದು ಅವಳ ಪಕ್ಕದಲ್ಲೇ ಕೂತರು. ಎರಡೂ ಡಬ್ಬಿ ಅಕ್ಕನ ಕೈಯವೇ, ಎರಡರಲ್ಲೂ ಒಂದೇ ಊಟ. ಆದರೂ ಅವರು ತಮ್ಮದರಿಂದ ಒಂದಿಷ್ಟು ತೆಗೆದು ಅವಳ ಡಬ್ಬಿಗೆ ಹಾಕಿದರು.

"ತಿನ್ನು. ಬೆಳಗ್ಗೆಯಿಂದ ನೀರಲ್ಲಿ ನೆನೆದಿದ್ದೀಯ."

"ಸಾಕು ಭಾವ."

"ನಿನ್ನಿಂದ ಇವತ್ತು ಉಸಿರು ಬಿಟ್ಟೆ ಕಣಮ್ಮ. ಊಟ ಆದ್ಮೇಲೆ ಅಗೆಯೋದು ಶುರು ಮಾಡ್ತೀವಿ. ಮಳೆ ಬರೋ ಮುಂಚೆ ಈ ಕಂಬದ ಬುಡ ಮೇಲೆ ಬಂದ್ರೆ ಸಾಕು, ಮಿಕ್ಕಿದ್ದು ಹೇಗೋ ಆಗುತ್ತೆ." ಸ್ವಲ್ಪ ಹೊತ್ತು ಅಗಿದರು. "ಮೇಲಿನೋರು ಹೇಳಿಬಿಟ್ಟಿದ್ದಾರೆ. ಇನ್ನೊಂದು ಸಲ ತಡ ಆದ್ರೆ ನನ್ನ ಜಾಗಕ್ಕೆ ಬೇರೆಯವರು ಬರ್ತಾರೆ. ನಿಮ್ಮಕ್ಕಂಗೆ ಹೇಳಿಲ್ಲ. ನೀನೂ ಹೇಳ್ಬೇಡ."

ಅಕ್ಕನಿಗೆ ಎಲ್ಲ ಗೊತ್ತು ಎಂದು ಅವಳು ಹೇಳಲಿಲ್ಲ. ಗೊತ್ತಿರುವುದನ್ನು ಗೊತ್ತಿಲ್ಲದ ಹಾಗೆ ಇಟ್ಟುಕೊಂಡೇ ಆ ಮನೆ ನಡೆಯುತ್ತಿತ್ತು. ಬೆಳಗ್ಗೆ ನಕ್ಕವರು ಇವರೇ, ಈಗ ತಮ್ಮ ಪಾಲಿನದನ್ನು ತೆಗೆದು ಹಾಕುತ್ತಿರುವವರೂ ಇವರೇ. ಒಬ್ಬ ಮನುಷ್ಯನ ಮೇಲೆ ಒಂದೇ ಬಗೆಯ ಸಿಟ್ಟು ಇಟ್ಟುಕೊಳ್ಳಲೂ ಆಗದ ಹಾಗೆ ಕಟ್ಟಿಹಾಕಿಬಿಟ್ಟಿದ್ದಾರಲ್ಲ ಎಂದು ಅವಳಿಗೆ ಅಳು ಬಂತು. ಡಬ್ಬಿ ತೊಳೆಯುವ ನೆವದಲ್ಲಿ ಎದ್ದು, ಒಡ್ಡಿನಿಂದ ಮೇಲಕ್ಕೆ ಅಡ್ಡಬಲೆ ಕಟ್ಟಿದ್ದ ಕಡೆ ಇಳಿದಳು. ಭಾವ ಯಾರದೋ ಫೋನು ಬಂದು ರಸ್ತೆಗೆ ಹತ್ತಿದರು.

ಅಲ್ಲಿ ನೀರು ತಿಳಿಯಾಗಿತ್ತು. ಡಬ್ಬಿ ಅದ್ದಲು ಬಗ್ಗಿದವಳು ಹಾಗೇ ನಿಂತಳು. ಬಲೆಯ ಬುಡದಲ್ಲಿ ಒಂದು ಕಲ್ಲಡಿ ಮೀನು. ಬೆಳಗ್ಗೆ ಅವಳೇ ಬೊಗಸೆಯಲ್ಲಿ ಹಿಡಿದು, ದೂರ ಮೇಲೆ ಒಯ್ದು, ಒಳ್ಳೆಯ ಜಾಗ ನೋಡಿ ಬಿಟ್ಟಿದ್ದು. ಬಾಲದ ಅಂಚು ಹರಿದಿದ್ದರಿಂದ ಗುರುತು ಸಿಕ್ಕಿತು. ಅಷ್ಟು ದೂರದಿಂದ ವಾಪಸು ಬಂದಿತ್ತು. ಮೂತಿಯನ್ನು ಬಲೆಯ ಕಣ್ಣಿಗೆ ಇಟ್ಟು ಒತ್ತುತ್ತಿತ್ತು. ಹಿಂದೆ ಸರಿಯುತ್ತಿತ್ತು, ಮತ್ತೆ ಬಂದು ಅದೇ ಜಾಗದಲ್ಲಿ ಒತ್ತುತ್ತಿತ್ತು. ಮೂತಿಯ ಮೇಲಿನ ಚರ್ಮ ಬೆಳ್ಳಗೆ ಸುಲಿದಿತ್ತು. ಹಸಿದ ಮೀನು ಹೀಗೆ ಮಾಡುವುದಿಲ್ಲ, ಹೆದರಿದ ಮೀನೂ ಮಾಡುವುದಿಲ್ಲ. ಮೊಟ್ಟೆ ಬಿಟ್ಟು ಬಂದ ಗಂಡು ಮಾಡುತ್ತದೆ. ಮೀನು ನೋಡುತ್ತಿದ್ದ ದಿಕ್ಕಿನಲ್ಲೇ ಅವಳೂ ನೋಡಿದಳು. ಆಚೆ ಒಡ್ಡು, ಒಡ್ಡಿನಾಚೆ ಒಣಗುತ್ತಿದ್ದ ನಡುವಿನ ಸಾಲು.

ಈಗ ಸೀಟಿ ಊದಬೇಕಿತ್ತು. ಊದಿದರೆ ಎಲ್ಲರೂ ಓಡಿಬರುತ್ತಾರೆ, ಭಾವ ಬರುತ್ತಾರೆ, ಒಡ್ಡು ಬಿಚ್ಚಿ ನೀರು ಬಿಡಬೇಕಾಗುತ್ತದೆ, ಮರಿಯಾಗಿ ಮುಗಿಯುವಷ್ಟರಲ್ಲಿ ಮಳೆ ಹಿಡಿಯುತ್ತದೆ, ಇಷ್ಟಕ್ಕೂ ಬೆಳಗ್ಗೆ ಮೀನಿಲ್ಲ ಎಂದವರು ಯಾರು. ಅಕ್ಕ ಮುಚ್ಚಳ ಒತ್ತುವುದನ್ನು ನಿಲ್ಲಿಸಿ ಅವಳ ಮುಖ ನೋಡುತ್ತಾಳೆ. ಮಹಡಿಯ ಮೇಲೆ ಅಮ್ಮ ಇನ್ನು ತುದಿಗಾಲಿನಲ್ಲೂ ನಡೆಯದೆ ಮಂಚದ ಮೇಲೆ ಕೂತೇ ದಿನ ಕಳೆಯುತ್ತಾಳೆ. ಸೀಟಿಯ ದಾರ ಬೆವರಿಗೆ ಕತ್ತಿಗೆ ಅಂಟಿತ್ತು. ಆಗ ಅವಳಿಗೆ ಹೊಳೆದದ್ದು ಒಂದು ಜಾಣತನ. ಒಂದು ಮೀನು ತಾನೆ? ಒಂದು ಮೀನಿಗೆ ಒಂದು ಕಲ್ಲು. ಯಾರಿಗೂ ಕಾಣದ ಹಾಗೆ ಆ ಕಲ್ಲನ್ನು ತಂದು ಅದರ ಮುಂದಿಟ್ಟರೆ ಆಯಿತು. ಸದ್ದಿಲ್ಲ, ಗದ್ದಲವಿಲ್ಲ.

ಬಕೆಟ್ಟು ಹಿಡಿದು ಒಡ್ಡು ದಾಟಿ ಒಳಗೆ ಇಳಿದಳು. ತಳದಲ್ಲಿ ಪಾಚಿಯ ವಾಸನೆ, ಬಿಸಿಲಿಗೆ ಬೇಯುತ್ತಿದ್ದ ಹಸಿ ಮಣ್ಣಿನ ವಾಸನೆ. ಇಲ್ಲೂ ತುದಿಗಾಲಿನಲ್ಲೇ ನಡೆದಳು, ಯಾರ ನಿದ್ದೆ ಕೆಡುತ್ತದೆಂದೋ. ನಡುವಿನ ಸಾಲಿನಲ್ಲಿ ಕೈಗೆ ಸಿಕ್ಕ ಮೊದಲ ಚಪ್ಪಟೆ ಕಲ್ಲನ್ನು ಮಗುಚಿದಳು. ಇದ್ದವು. ಕೆಳಮೈಗೆ ಒತ್ತೊತ್ತಾಗಿ ಅಂಟಿಕೊಂಡ ಮಸುಕು ಹಳದಿ ಮೊಟ್ಟೆಗಳು, ಒಂದೊಂದರಲ್ಲೂ ಎರಡೆರಡು ಕಪ್ಪು ಚುಕ್ಕೆ. ಕಣ್ಣು ಮೂಡಿದ್ದವು. ಕಲ್ಲಿನಡಿಯ ಒದ್ದೆ ಇನ್ನೂ ಆರಿರಲಿಲ್ಲ, ಜೀವ ಇನ್ನೂ ಇತ್ತು. ಅವಳು ಅಲ್ಲೇ ಕುಸಿದು ಕೂತು ಯಾರಿಗೋ ಕೈಮುಗಿಯಬೇಕೆನ್ನುವಷ್ಟು ಸಂತೋಷಪಟ್ಟಳು. ಪಕ್ಕದ ಕಲ್ಲಿಗೆ ಕೈ ಹೋಯಿತು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಮಾತು ಕೇಳಿಸಿತು, ಊಟ ಮುಗಿಸಿ ಬರುತ್ತಿದ್ದರು. ಕೈಯನ್ನು ವಾಪಸು ಎಳೆದುಕೊಂಡಳು. ಒಂದು ಮೀನಿಗೆ ಒಂದು ಕಲ್ಲು, ಲೆಕ್ಕ ಸರಿಯಾಯಿತಲ್ಲ. ಕಲ್ಲನ್ನು ನೀರು ತುಂಬಿದ ಬಕೆಟ್ಟಿನಲ್ಲಿಟ್ಟು, ಕದ್ದವಳ ಹಾಗೆ ಬೆನ್ನು ಬಗ್ಗಿಸಿಕೊಂಡು ಹೊರಬಂದಳು.

ಬಲೆಯ ಮೇಲ್ಗಡೆ ಮೊಣಕಾಲೂರಿ, ಮೀನಿನ ಪಕ್ಕಕ್ಕೇ, ಅಡಿಯಲ್ಲಿ ಸಂದು ಬಿಟ್ಟು, ಒಡ್ಡಿನೊಳಗೆ ಹೇಗಿತ್ತೋ ಹಾಗೇ ಕಲ್ಲನ್ನು ಇಟ್ಟಳು. ಬಾ, ತಗೋ ಎಂದಳು. ಮೀನು ಒಮ್ಮೆ ಬೆದರಿ ಹಿಂದೆ ಸರಿಯಿತು. ಕಲ್ಲಿನ ಬಳಿ ಬಂತು. ಕಲ್ಲನ್ನು ಬಳಸಿಕೊಂಡು ಹೋಗಿ ಮತ್ತೆ ಬಲೆಗೆ ಮೂತಿ ಒತ್ತಿತು. ಅವಳು ಕಲ್ಲನ್ನು ಇನ್ನೂ ಹತ್ತಿರ ಸರಿಸಿದಳು. ಮೀನು ಅದರ ಮೇಲೆ ಹತ್ತಿ ಬಲೆಗೆ ಒತ್ತಿತು. ಮೊಟ್ಟೆ ತನ್ನ ಹೊಟ್ಟೆಯ ಕೆಳಗೇ ಇದ್ದರೂ ಅದಕ್ಕೆ ಬೇಕಾದ್ದು ಆ ಜಾಗ. ಕಲ್ಲು ಎಲ್ಲಿತ್ತೋ ಅಲ್ಲಿಗೆ ಹೋಗಬೇಕು, ಅಲ್ಲಿ ಹೋಗಿ ಕಾಯಬೇಕು. ಕಣ್ಣೆದುರಿಗೆ ಇಟ್ಟದ್ದು ಅದರ ಪಾಲಿಗೆ ಬೇರೆ ಯಾರದೋ ಕಲ್ಲು. ಎಂಥ ಪೆದ್ದು ನೀನು ಎಂದು ಅವಳು ಬೈದಳು. ಬೈಯುತ್ತಲೇ ಕೈಯನ್ನು ಕಲ್ಲಿನ ಸಂದಿಗೆ ಇಳಿಸಿ, ಬೆರಳು ಜೋಡಿಸಿ, ಮೀನಿನ ಬದಲು ತಾನೇ ನೀರು ಆಡಿಸತೊಡಗಿದಳು. ಬೀಸದಿದ್ದರೆ ಮೊಟ್ಟೆಗೆ ಉಸಿರಿಲ್ಲ.

ಒಡ್ಡಿನೊಳಗೆ ಅಗೆಯುವ ಯಂತ್ರ ಇಳಿಯಿತು. ಅದರ ಹೊಗೆ ಅವಳವರೆಗೂ ಬಂತು. "ಮೀನಕ್ಕ, ಏನು, ಬಟ್ಟೆ ಒಗೀತಿದ್ದೀರಾ?" ಎಂದು ಪಂಪಿನವನು ಕೂಗಿದ. ಹೂಂ ಎನ್ನುವ ಹಾಗೆ ತಲೆಯಾಡಿಸಿದಳು. ಕೈ ನಿಲ್ಲಿಸಲಿಲ್ಲ. ಹೀಗೆ ಎಷ್ಟು ಹೊತ್ತು? ಸಂಜೆಯವರೆಗೆ? ಮರಿಯಾಗುವವರೆಗೆ? ಬೆರಳುಗಳು ಮರಗಟ್ಟುತ್ತಿದ್ದವು. ಕೈ ಬದಲಿಸಲು ಆ ಕಡೆ ಹೊರಳಿದಾಗ ಬಲೆಯ ಉದ್ದಕ್ಕೂ ಕಣ್ಣು ಹಾಯಿತು.

ಆ ಮೀನೊಂದೇ ಅಲ್ಲ. ಮೊಳ ದೂರದಲ್ಲಿ ಇನ್ನೊಂದು. ಅದರಾಚೆ ಮತ್ತೊಂದು. ತಳದ ಬಣ್ಣದಲ್ಲಿ ಬಣ್ಣವಾಗಿ, ಕಾಣಿಸದ ಹಾಗೆ, ಬಲೆಯ ಬುಡದುದ್ದಕ್ಕೂ ಅವು ಕೂತಿದ್ದವು. ಬೆಳಗ್ಗೆ ಅವಳು ಆಚೆ ಬಿಟ್ಟ ಗಂಡುಗಳೆಲ್ಲ ವಾಪಸು ಬಂದಿದ್ದವು. ಒಂದರ ಮುಖ ಇನ್ನೊಂದು ನೋಡುತ್ತಿರಲಿಲ್ಲ. ಪ್ರತಿಯೊಂದೂ ತನ್ನ ಕಲ್ಲಿನ ನೇರಕ್ಕೆ ಕೂತು, ಮೂತಿಯನ್ನು ಬಲೆಗೆ ಇಟ್ಟು, ಇದ್ದಲ್ಲೇ ರೆಕ್ಕೆ ಬೀಸುತ್ತಿತ್ತು, ಏನೂ ಇಲ್ಲದ ನೀರಿಗೆ. ಯಂತ್ರದ ಉಕ್ಕಿನ ಕೈ ಮೇಲೆದ್ದಿತು.

ಸೀಟಿ ಬಾಯಿಗೆ ಹೋದದ್ದು ಅವಳಿಗೆ ತಿಳಿಯಲಿಲ್ಲ. ಸದ್ದು ತಿಳಿಯಿತು. ಕರ್ಕಶವಾಗಿ, ಅವಳಂಥವಳಿಂದ ಹೊರಟದ್ದೇ ಅಲ್ಲ ಎನ್ನುವ ಹಾಗೆ ಅದು ದಂಡೆಯಿಂದ ದಂಡೆಗೆ ಬಡಿಯಿತು. ಉಸಿರು ಮುಗಿಯುವವರೆಗೂ ಊದಿದಳು. ಉಕ್ಕಿನ ಕೈ ಮೇಲೆಯೇ ನಿಂತಿತು. ಪಂಪು ಗೊರಗೊರ ಎಂದು ನಿಂತಿತು. ತೊರೆ ಹರಿಯುವುದು ಬೆಳಗಿನಿಂದ ಮೊದಲ ಸಲ ಕೇಳಿಸಿತು.

ಎಲ್ಲರೂ ಮತ್ತೆ ದಂಡೆಯ ಮೇಲೆ ಸಾಲಾಗಿ ನಿಂತರು. ಅವಳು ಮತ್ತೆ ಹಾಗೇ ಇದ್ದಳು, ಮೊಣಕಾಲೂರಿ, ಬೆನ್ನು ಬಗ್ಗಿಸಿ, ಒಂದು ಕೈ ನೀರಿನೊಳಗೆ. ಭಾವ ಹಳದಿ ಟೋಪಿ ಹಿಡಿದುಕೊಂಡು ಓಡಿ ಬಂದರು.

"ಏನಾಯ್ತು? ಯಾರಿಗೇನಾಯ್ತು?"

"ಒಳಗೆ ಮೊಟ್ಟೆ ಇದೆ ಭಾವ. ಒಂದು ಕಡೆ ಅಲ್ಲ, ತುಂಬಾ ಕಡೆ. ಒಡ್ಡು ಬಿಚ್ಚಿ ನೀರು ಬಿಡ್ಬೇಕು."

"ಬೆಳಗ್ಗೆ ಇಲ್ಲ ಅಂದ್ಯಲ್ಲ?"

"ಮೀನಿಲ್ಲ ಅಂದೆ."

"ಎಲ್ಲಾ ಕಲ್ಲೂ ನೋಡಿದ್ದೆ ತಾನೆ?"

"ನಡುವಿನ ಸಾಲು ನೋಡಲಿಲ್ಲ."

"ಯಾಕೆ?"

ಚಳಿ ಎನ್ನಬಹುದಿತ್ತು. ಉಡುಪು ಸೋರುತ್ತಿತ್ತು, ಕಾಲ ಇನ್ನೂ ಬಂದಿರಲಿಲ್ಲ, ಎಷ್ಟೋ ಇದ್ದವು ಹೇಳಲು, ಎಲ್ಲವೂ ಅರ್ಧ ನಿಜ. ಅವಳು ತಲೆ ಎತ್ತಿ, ಸಾಲಾಗಿ ನಿಂತವರನ್ನೂ ಭಾವನನ್ನೂ ನೋಡಿದಳು.

"ನೀವೆಲ್ಲ ನಗ್ತಿದ್ರಿ. ನೀವೂ ನಕ್ರಿ ಭಾವ. ನಂಗೆ ನಾಚಿಕೆ ಆಯ್ತು. ಬೇಗ ಎದ್ದುಬಿಡ್ಬೇಕು ಅನ್ನಿಸ್ತು, ಎದ್ದುಬಿಟ್ಟೆ. ಅಷ್ಟೆ."

ಪಂಪಿನವನು ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. ಭಾವನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಣ್ಣವೇ ಇಳಿಯಿತು. ಅವರು ನೀರಿನ ಹತ್ತಿರ ಬಂದು, ಉಳಿದವರಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದರು:

"ಈಗ ನೀರು ಬಿಟ್ರೆ ನನ್ನ ಕೆಲಸ ಮುಗೀತು. ಗೊತ್ತು ತಾನೆ?"

"ಗೊತ್ತು."

"ಮನೇಲಿ ನಿಮ್ಮಕ್ಕಂಗೆ ನೀನೇ ಹೇಳು. ನನ್ನಿಂದ ಆಗಲ್ಲ."

"ಹೇಳ್ತೀನಿ."

ಅವರು ಇನ್ನೂ ನಿಂತಿದ್ದರು. ಅವಳು 'ಸರಿ' ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಎಲ್ಲವೂ ಮತ್ತೆ ಶುರುವಾಗುತ್ತಿತ್ತು. ಸಂಜೆ ಎಲ್ಲರೂ ಅದೇ ಮನೆಗೆ ಹೋಗಿ ಕೆಳಗಿನವರು ಕೆಳಗೆ, ಮೇಲಿನವರು ಮೇಲೆ ಮಲಗಬಹುದಿತ್ತು. ಆ ಮಾತಿಗಾಗಿ ಅವರು ಕಾಯುತ್ತಿದ್ದಾರೆ ಎನ್ನುವುದು ಅವಳಿಗೆ ತಿಳಿಯುತ್ತಿತ್ತು. ಅವರ ಬೂಟಿನ ಒಳಗೆ ನೀರು ಹೋಗುತ್ತಿತ್ತು, ಅವರು ನೋಡಿಕೊಂಡಿರಲಿಲ್ಲ. ಅವಳಿಗೆ ಅವರ ಮೇಲೆ ತುಂಬ ಪ್ರೀತಿ ಬಂತು. ಬಾಯಿ ತೆರೆಯಲಿಲ್ಲ.

ಕೊನೆಗೆ ಭಾವ ಹಿಂದೆ ತಿರುಗದೆಯೇ ಕೈ ಬೀಸಿದರು. ಪಂಪಿನವನು ಒಡ್ಡಿಗೆ ಹೋಗಿ ಮೊದಲ ಚೀಲಕ್ಕೆ ಕೈ ಹಾಕಿದ, ಇನ್ನಿಬ್ಬರು ಸೇರಿಕೊಂಡರು. ನೀರು ಒಳಗೆ ನುಗ್ಗುವ ಸದ್ದು ಕೇಳಿಸಿತು. ಬಲೆ ಎತ್ತಬೇಕಿತ್ತು, ಒಂದೇ ಕೈಯಲ್ಲಿ ಅದರ ಅಂಚನ್ನು ಗೂಟದಿಂದ ಬಿಡಿಸಲು ನೋಡಿದಳು, ಆಗಲಿಲ್ಲ. ಎರಡೂ ಕೈ ಬೇಕಿತ್ತು. "ಯಾರಾದ್ರೂ ಬಂದು ಈ ಬಲೆ ಎತ್ತಿ," ಎಂದು ಗಟ್ಟಿಯಾಗಿ ಕೂಗಿದಳು. ದಂಡೆಯ ಮೇಲೆ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಕಲ್ಲಿನಡಿಯ ಕೈಯನ್ನು ನಿಲ್ಲಿಸುವ ಹಾಗಿರಲಿಲ್ಲ.